ಬೆಂಕಿ ಆರಿದ ಮೇಲೆ: ಪ್ಯಾರಡೈಸ್ ಊರಿನ ಸಂಗತಿಯಿಂದ ಒಂದು ಪಾಠ



ಹಳ್ಳಿಯಲ್ಲಿ ಒಬ್ಬನ ಹುಲ್ಲಿನ ಬಣವೆಗೆ ಬೆಂಕಿ ಬಿದ್ದು ಅದು ಮನೆಗೆ ಹತ್ತಿಕೊಂಡರೆ ಏನಾಗುವದೆಂಬದನ್ನು ನೀವೆಲ್ಲರೂ ಬಲ್ಲಿರಿ. ಕೂಗು ಕೇಳಿದ ಕೂಡಲೇ ಊರವರು ಕೊಡಗಳನ್ನು ಹಿಡಿದು ಓಡಿಬರುವರು. ಆ ರಾತ್ರಿ ಮನೆ ಕಳಕೊಂಡವನಿಗೆ ನೆರೆಯವರ ಜಗಲಿಯಲ್ಲಿ ಒಂದು ಚಾಪೆಯೂ ಒಂದು ಬಟ್ಟಲು ಗಂಜಿಯೂ ದೊರೆಯುವವು. ಆದರೆ ಮೂವತ್ತನೆಯ ದಿವಸದಲ್ಲಿ ಅವನ ಗತಿ ಏನು? ಮೂರನೆಯ ವರುಷದಲ್ಲಿ ಏನು? ಬೆಂಕಿಯನ್ನಾರಿಸಲು ಓಡಿಬಂದವರೊಳಗೆ ಎಷ್ಟು ಜನರು ಆಗ ಅವನ ಸಂಗಡ ಕಚೇರಿಯ ಮೆಟ್ಟಲು ಹತ್ತುವರು? ಈ ಪಾಠದಲ್ಲಿ ನಾವು ವಿಚಾರಿಸತಕ್ಕದ್ದು ಇದನ್ನೇ.

ಇದಕ್ಕೆ ದೃಷ್ಟಾಂತವಾಗಿ ಅಮೇರಿಕಾ ದೇಶದ ಕ್ಯಾಲಿಫೋರ್ನಿಯಾ ಸಂಸ್ಥಾನದಲ್ಲಿರುವ ಪ್ಯಾರಡೈಸ್ ಎಂಬ ಊರನ್ನು ತಕ್ಕೊಳ್ಳುತ್ತೇವೆ. ಅಷ್ಟು ದೂರದ ಊರು ಯಾತಕ್ಕೆ ಎಂದು ಕೇಳುವಿರಾ? ಒಂದೇ ದಿವಸದಲ್ಲಿ ಇಡೀ ಊರು ಕಾಡುಕಿಚ್ಚಿಗೆ ತುತ್ತಾದದ್ದೂ, ಅದರ ಜನರು ಸಹಾಯವನ್ನು ಹುಡುಕಿದ ಬಗೆ ಚೆನ್ನಾಗಿ ತಿಳಿದುಬಂದಿರುವದೂ ಒಂದು ಕಾರಣ. ನಮ್ಮ ನಾಡಿನ ಅನೇಕ ಕುಟುಂಬಗಳ ಮಕ್ಕಳು ಉದ್ಯೋಗದ ನಿಮಿತ್ತ ಆ ಸಂಸ್ಥಾನದಲ್ಲಿಯೇ ಮನೆಮಾಡಿಕೊಂಡಿರುವದು ಇನ್ನೊಂದು ಕಾರಣ. ೨೦೨೫ನೆಯ ಇಸವಿಯ ಜನವರಿಯಲ್ಲಿ ಅಲ್ಲಿಯ ಲಾಸ್ ಏಂಜಲಿಸ್ ಪಟ್ಟಣದ ಬಳಿಯಲ್ಲಿ ಅಂಥ ಬೆಂಕಿ ಪುನಃ ಎದ್ದಿತು. ಆದದರಿಂದ ಇದು ನಮಗೆ ಕೇವಲ ಪರಸ್ಥಳದ ಸುದ್ದಿಯಲ್ಲ.

೧. ನಡೆದ ಸಂಗತಿ

ಪ್ಯಾರಡೈಸ್ ಎಂಬ ಹೆಸರಿಗೆ ಪರದೈಸು ಎಂದರ್ಥ. ಸಿಯೆರಾ ನೆವಾಡಾ ಬೆಟ್ಟಗಳ ತಪ್ಪಲಲ್ಲಿ, ಬ್ಯೂಟ್ ಜಿಲ್ಲೆಯಲ್ಲಿ, ಪೈನ್ ಮರಗಳ ನಡುವೆ ಕಟ್ಟಿದ ಊರು ಅದು. ಅಲ್ಲಿ ಸುಮಾರು ೨೬,೦೦೦ ಜನರು ವಾಸಿಸುತ್ತಿದ್ದರು. ಮನೆಗಳ ಬೆಲೆ ಬೇರೆ ಕಡೆಗಿಂತ ಕಡಿಮೆಯಾದದರಿಂದ ಉದ್ಯೋಗದಿಂದ ನಿವೃತ್ತರಾದ ವೃದ್ಧರು ಅನೇಕರು ಅಲ್ಲಿಗೆ ಬಂದು ನೆಲೆಸಿದ್ದರು.

೨೦೧೮ರ ಶರತ್ಕಾಲದಲ್ಲಿ ಅಲ್ಲಿ ಬರತಕ್ಕ ಮಳೆ ಬರಲಿಲ್ಲ. ಹುಲ್ಲೂ ತರಗೆಲೆಯೂ ಒಣಗಿ ಹೋಗಿದ್ದವು. ನವೆಂಬರ್ ೮ನೆಯ ತಾರೀಕು ಬೆಳಿಗ್ಗೆ ಸುಮಾರು ಆರೂವರೆ ಗಂಟೆಗೆ, ಪುಲ್ಗಾ ಎಂಬ ಕುಗ್ರಾಮದ ಬಳಿಯಲ್ಲಿ, ವಿದ್ಯುತ್ತಿನ ದೊಡ್ಡ ತಂತಿಯನ್ನು ಹೊತ್ತಿದ್ದ ಒಂದು ಕಬ್ಬಿಣದ ಕೊಂಡಿ ಮುರಿಯಿತು. ಅದು ಹೆಚ್ಚುಕಡಿಮೆ ನೂರು ವರುಷ ಸವೆದ ಕೊಂಡಿಯಾಗಿತ್ತು. ತಂತಿಯಿಂದ ಹಾರಿದ ಕಿಡಿಯು ಹುಲ್ಲಿಗೆ ಹತ್ತಿತು. ಬಿರುಗಾಳಿಯು ಅದನ್ನು ಹೊತ್ತುಕೊಂಡು ಕೆಲವೇ ತಾಸುಗಳೊಳಗೆ ಊರಿಗೆ ತಂದಿತು. ಬೆಟ್ಟದಿಂದ ಕೆಳಗಿಳಿಯುವ ದಾರಿಗಳು ಕೆಲವೇ ಇದ್ದವು. ಅವುಗಳಲ್ಲಿ ವಾಹನಗಳು ಒಂದರ ಹಿಂದೆ ಒಂದು ಸಿಕ್ಕಿಬಿದ್ದವು.

ಈ ಬೆಂಕಿಯಲ್ಲಿ ೮೫ ಜನರು ಸತ್ತರು. ಅವರಲ್ಲಿ ಹೆಚ್ಚಿನವರು ಮುದುಕರು. ೧೮,೦೦೦ಕ್ಕೆ ಮಿಕ್ಕಿ ಕಟ್ಟಡಗಳು ನಾಶವಾದವು. ೧,೫೩,೦೦೦ ಎಕರೆಗಳಷ್ಟು ನೆಲ ಸುಟ್ಟುಹೋಯಿತು. ನವೆಂಬರ್ ೨೫ನೆಯ ತಾರೀಕಿಗೆ ಬೆಂಕಿಯು ಪೂರ್ಣವಾಗಿ ಹತೋಟಿಗೆ ಬಂದಿತು. ಆದರೆ ಮನೆ ಬಿಟ್ಟು ಓಡಿದ ಸುಮಾರು ೫೦,೦೦೦ ಜನರ ಕಷ್ಟವು ಆಗಲೇ ಪ್ರಾರಂಭವಾಗಿತ್ತು.

೨. ಮೊದಲನೆಯ ತಿಂಗಳು

ಹತ್ತಿರದ ಚಿಕೋ ಮತ್ತು ಓರೋವಿಲ್ ಪಟ್ಟಣಗಳ ಜನರು ತಮ್ಮ ಮನೆಗಳ ಬಾಗಿಲುಗಳನ್ನು ತೆರೆದರು. ಜಿಲ್ಲೆಯ ಅಧಿಕಾರಿಗಳೂ ರೆಡ್ ಕ್ರಾಸ್ ಸಂಘದವರೂ ಆಶ್ರಯಸ್ಥಾನಗಳನ್ನು ಏರ್ಪಡಿಸಿದರು. ಕ್ರೈಸ್ತ ಸಭೆಗಳು ತಮ್ಮ ಆಲಯಗಳಲ್ಲಿ ಹಾಸಿಗೆಗಳನ್ನು ಹಾಸಿದವು. ತ್ಸು ಚಿ ಎಂಬ ಬೌದ್ಧರ ಧರ್ಮಸಂಸ್ಥೆಯವರು ಬಂದು ಯಾವ ಮತಭೇದವನ್ನೂ ನೋಡದೆ ಹಣವನ್ನು ಹಂಚಿದರು. ಸ್ಥಳ ಸಾಲದೆ ಹೋದವರು ಚಿಕೋದಲ್ಲಿ ವಾಲ್‌ಮಾರ್ಟ್ ಎಂಬ ದೊಡ್ಡ ಅಂಗಡಿಯ ಮುಂದಿನ ಬಯಲಿನಲ್ಲಿ ಗುಡಾರ ಹಾಕಿಕೊಂಡರು. ಸ್ಯಾನ್ ಡಿಯಾಗೋ ಪಟ್ಟಣದ ಒಬ್ಬ ವೃದ್ಧ ವ್ಯಾಪಾರಿಯು ಪ್ಯಾರಡೈಸ್ ಹೈಸ್ಕೂಲಿನ ಒಬ್ಬೊಬ್ಬ ವಿದ್ಯಾರ್ಥಿಗೂ ಒಬ್ಬೊಬ್ಬ ನೌಕರನಿಗೂ ತಲಾ ೧,೦೦೦ ಡಾಲರು ಕೊಟ್ಟನು. ಆ ಹಣವನ್ನು ಹೀಗೆಯೇ ಖರ್ಚುಮಾಡಬೇಕೆಂದು ಅವನು ವಿಧಿಸಲಿಲ್ಲ.

ಇವೆಲ್ಲವೂ ಒಳ್ಳೇದೇ. ಆದರೂ ಇವು ಮೊದಲ ರಾತ್ರಿಯ ಚಾಪೆ ಗಂಜಿಗಳಿಗೆ ಸಮಾನ. ಇನ್ನು ಮುಂದಿನ ವರುಷಗಳಿಗೆ ಬೇಕಾದ ಹಣವು ಎಲ್ಲಿಂದ ಬಂದಿತೆಂಬದನ್ನು ನೋಡೋಣ.

೩. ಹಣವು ಬರುವ ಬಾಗಿಲುಗಳು

ಸಹಾಯವು ಒಂದೇ ಬಾಗಿಲಿನಿಂದ ಬರುವದಿಲ್ಲ. ಪ್ರತಿಯೊಂದು ಬಾಗಿಲಿಗೂ ಬೇರೆ ಬೇರೆ ಬೀಗವುಂಟು. ಯಾವದನ್ನು ಮೊದಲು ತಟ್ಟಬೇಕೆಂದು ತಿಳಿಯದವನು ಅಂಗಳದಲ್ಲಿಯೇ ನಿಂತಿರುವನು.

(ಅ) ವಿಮೆ. ಮನೆಗೆ ವಿಮೆ ಇದ್ದವರು ಮೊದಲು ಮಾಡತಕ್ಕದ್ದು ಅದರ ಕಂಪೆನಿಗೆ ತಿಳಿಸುವದೇ. ಮನೆಯ ಬೆಲೆ ಮಾತ್ರವಲ್ಲದೆ, ಬೇರೆ ಕಡೆಯಲ್ಲಿ ವಾಸಿಸುವಾಗ ತಗಲುವ ಹೆಚ್ಚಿನ ವೆಚ್ಚವನ್ನೂ ಅನೇಕ ವಿಮೆಗಳು ಕೊಡುತ್ತವೆ. ಆದದರಿಂದ ಮೊದಲ ದಿವಸದಿಂದಲೇ ಬಾಡಿಗೆ, ಊಟ, ಬಟ್ಟೆ ಇವುಗಳ ರಸೀತಿಗಳನ್ನು ಕೂಡಿಸಿಡಬೇಕು. ಸುಟ್ಟುಹೋದ ಸಾಮಾನುಗಳ ಪಟ್ಟಿಯನ್ನು ಒಂದೊಂದು ಕೋಣೆಯನ್ನು ನೆನಪಿಗೆ ತಂದುಕೊಂಡು ಬರೆಯಬೇಕು. ಆದರೆ ಪ್ಯಾರಡೈಸಿನಲ್ಲಿ ಅನೇಕರ ವಿಮೆಯ ಮೊತ್ತವು ಹೊಸ ಮನೆ ಕಟ್ಟುವದಕ್ಕೆ ಸಾಲಲಿಲ್ಲ. ಮರ್ಸೆಡ್ ಎಂಬ ಊರಿನ ಒಂದು ಹಳೇ ವಿಮಾ ಕಂಪೆನಿಯು ಈ ಒಂದು ಬೆಂಕಿಯ ಭಾರವನ್ನು ತಾಳಲಾರದೆ ದಿವಾಳಿಯಾಯಿತು. ಇಂಥ ಸಮಯಕ್ಕೋಸ್ಕರ ಸಂಸ್ಥಾನದಲ್ಲಿ ಸ್ಥಾಪಿಸಲ್ಪಟ್ಟಿದ್ದ ಜಾಮೀನು ಸಂಘವು ಆ ಕಂಪೆನಿಯ ಗಿರಾಕಿಗಳ ಹೊಣೆಯನ್ನು ವಹಿಸಿಕೊಂಡಿತು.

ಮನೆಯ ಮೇಲೆ ಸಾಲ ಮಾಡಿದವರು ಬೇಂಕಿಗೂ ಕೂಡಲೇ ತಿಳಿಸಬೇಕು. ಯಾಕಂದರೆ ಮನೆ ಸುಟ್ಟರೂ ಸಾಲ ಸುಡುವದಿಲ್ಲ. ಕೇಳಿಕೊಂಡವರಿಗೆ ಕಂತುಗಳನ್ನು ಮುಂದಕ್ಕೆ ಹಾಕುವದುಂಟು; ಕೇಳದವರ ಮೇಲೆ ಬಾಕಿ ಬೆಳೆಯುವದು.

(ಆ) ಸರಕಾರದ ಸಹಾಯಧನ. ನವೆಂಬರ್ ೧೨ನೆಯ ತಾರೀಕು ಅಮೇರಿಕಾದ ಅಧ್ಯಕ್ಷರು ಇದನ್ನು ಮಹಾವಿಪತ್ತೆಂದು ಸಾರಿದರು. ಅದರಿಂದ ಫೆಮಾ ಎಂದು ಕರೆಯಲ್ಪಡುವ ಕೇಂದ್ರ ಸರಕಾರದ ವಿಪತ್ತು ಇಲಾಖೆಯು ಒಂದೊಂದು ಕುಟುಂಬಕ್ಕೆ ನೇರವಾಗಿ ಸಹಾಯಮಾಡುವದಕ್ಕೆ ಆಸ್ಪದವಾಯಿತು. ಆ ವರುಷದ ನಿಯಮದ ಪ್ರಕಾರ ಒಂದು ಕುಟುಂಬಕ್ಕೆ ದೊರೆಯಬಹುದಾದ ಅತಿ ಹೆಚ್ಚಿನ ಮೊತ್ತವು ೩೪,೯೦೦ ಡಾಲರು. ಇದನ್ನು ಹಿಂದಕ್ಕೆ ಕೊಡಬೇಕಾಗಿಲ್ಲ. ಆದರೆ ಎಲ್ಲರಿಗೂ ಅಷ್ಟು ದೊರೆಯುವದೂ ಇಲ್ಲ. ವಿಮೆಯು ತುಂಬಿಕೊಟ್ಟ ನಷ್ಟವನ್ನು ಈ ಇಲಾಖೆಯು ಎರಡನೆಯ ಸಾರಿ ತುಂಬದು.

(ಇ) ಸರಕಾರದ ಸಾಲ. ಸಣ್ಣ ವ್ಯಾಪಾರಗಳ ಇಲಾಖೆಯು ವಿಪತ್ತಿನ ಸಮಯದಲ್ಲಿ ವ್ಯಾಪಾರಿಗಳಿಗೆ ಮಾತ್ರವಲ್ಲ, ಮನೆಯವರಿಗೂ ಬಾಡಿಗೆದಾರರಿಗೂ ಕಡಿಮೆ ಬಡ್ಡಿಯ ಸಾಲವನ್ನು ಕೊಡುತ್ತದೆ. ಹೆಸರನ್ನು ನೋಡಿ, ಇದು ನಮಗಲ್ಲವೆಂದು ತಿಳಿದು ಹಿಂತಿರುಗಿದವರು ನಷ್ಟಪಟ್ಟರು. ೨೦೧೮ರಲ್ಲಿ, ಸಾಲ ತೀರಿಸಲು ಶಕ್ತರೆಂದು ತೋರಿದವರು ಮೊದಲು ಈ ಅರ್ಜಿಯನ್ನು ಕೊಟ್ಟಲ್ಲದೆ ಕೆಲವು ವಿಧದ ಸಹಾಯಧನಕ್ಕೆ ಅವರನ್ನು ಪರಿಗಣಿಸುತ್ತಿರಲಿಲ್ಲ. ಈ ಕಟ್ಟಳೆಯು ೨೦೨೪ರಲ್ಲಿ ತೆಗೆದುಹಾಕಲ್ಪಟ್ಟಿತು.

(ಈ) ಧರ್ಮನಿಧಿಗಳು. ಚಿಕೋದಲ್ಲಿರುವ ನಾರ್ತ್ ವ್ಯಾಲಿ ಕಮ್ಯುನಿಟಿ ಫೌಂಡೇಶನ್ ಎಂಬ ಸ್ಥಳೀಕ ಧರ್ಮನಿಧಿಗೆ ದೂರದ ಜನರು ಹಣ ಕಳುಹಿಸಿದರು. ಅದು ಊರಿನ ಸಂಘಗಳ ಮೂಲಕ ಹಂಚಲ್ಪಟ್ಟಿತು. ಯಾವ ಸಹಾಯ ಎಲ್ಲಿ ದೊರೆಯುವದೆಂದು ತಿಳಿಯದವರು ೨೧೧ ಎಂಬ ದೂರವಾಣಿ ಸಂಖ್ಯೆಗೆ ಕರೆದು ವಿಚಾರಿಸಬಹುದಾಗಿತ್ತು.

ಸುಟ್ಟ ಮನೆಯ ಅವಶೇಷಗಳನ್ನು ತೆಗೆಯುವ ಕೆಲಸವೂ ದೊಡ್ಡ ಖರ್ಚಿನದೇ. ಬೂದಿಯಲ್ಲಿ ವಿಷಪದಾರ್ಥಗಳಿದ್ದದರಿಂದ ಅದನ್ನು ಸ್ವಂತ ಕೈಯಿಂದ ತೆಗೆಯುವದು ಅಪಾಯವಾಗಿತ್ತು. ತಮ್ಮ ನಿವೇಶನವನ್ನು ಪ್ರವೇಶಿಸಲು ಒಪ್ಪಿಗೆಯ ಕಾಗದಕ್ಕೆ ರುಜು ಹಾಕಿಕೊಟ್ಟವರಿಗೆ ಸರಕಾರವೇ ಆ ಕೆಲಸವನ್ನು ಮಾಡಿಸಿತು. ಹೀಗೆ ೩೦ ಲಕ್ಷ ಟನ್ನುಗಳಿಗೆ ಮಿಕ್ಕಿ ಅವಶೇಷಗಳು ಸಾಗಿಸಲ್ಪಟ್ಟವು. ಇಲ್ಲಿಯೂ ನೋಡಿರಿ: ಮೊದಲು ಬೇಕಾದದ್ದು ಒಂದು ರುಜು.

೪. ಇಲ್ಲವೆಂಬ ಕಾಗದ

ಈಗ ಒಬ್ಬ ವೃದ್ಧೆಯನ್ನು ನಿಮ್ಮ ಮನಸ್ಸಿನ ಮುಂದೆ ನಿಲ್ಲಿಸಿಕೊಳ್ಳಿರಿ. ಆಕೆ ವಿಧವೆ, ಪ್ಯಾರಡೈಸಿನಲ್ಲಿ ಬಹಳವಾಗಿದ್ದ, ಬೇರೆ ಕಡೆ ಮಾಡಿ ತಂದು ನಿಲ್ಲಿಸುವ ಅಗ್ಗದ ಮನೆಗಳಲ್ಲಿ ಒಂದರಲ್ಲಿದ್ದವಳು. ಆಕೆಗೆ ವಿಮೆಯಿಲ್ಲ. ಓಡಿಬರುವಾಗ ಕೈಗೆ ಸಿಕ್ಕಿದ್ದು ಔಷಧದ ಚೀಲ ಮಾತ್ರ. ಆಕೆ ಅರ್ಜಿ ಕೊಟ್ಟಳು. ಕೆಲವು ವಾರಗಳ ಮೇಲೆ, ನೀವು ಸಹಾಯಕ್ಕೆ ಅರ್ಹರಲ್ಲ ಎಂಬ ಒಂದು ಕಾಗದ ಬಂದಿತು. ಆಕೆ ಅದನ್ನು ಮಡಚಿಟ್ಟು, ಸರಕಾರದ ತೀರ್ಪು ಆಯಿತೆಂದು ಸುಮ್ಮನಾದಳು.

ಇದು ಕಲ್ಪಿಸಿ ಹೇಳಿದ ಸಂಗತಿಯಾದರೂ, ಇಂಥ ಕಾಗದಗಳು ಬಹು ಜನರಿಗೆ ಬರುವವು. ಅದರ ಅರ್ಥವೇನು? ಅನೇಕ ಸಾರಿ ಅದು ಕಡೇ ತೀರ್ಪಲ್ಲ. ಏನೋ ಒಂದು ಕಡಿಮೆಯಾಗಿದೆ ಎಂಬದೇ ಅದರ ಅರ್ಥ. ರುಜು ಬಿಟ್ಟುಹೋಗಿರಬಹುದು, ಆ ಮನೆಯಲ್ಲಿ ವಾಸವಾಗಿದ್ದದ್ದಕ್ಕೆ ಸಾಕ್ಷಿಪತ್ರ ಇಲ್ಲದಿರಬಹುದು, ವಿಮೆಯ ಕಂಪೆನಿಯ ಉತ್ತರವನ್ನು ಕೂಡಿಸದೆ ಇದ್ದಿರಬಹುದು, ಒಂದೇ ಮನೆಯಿಂದ ಇಬ್ಬರು ಅರ್ಜಿ ಕೊಟ್ಟಿರಬಹುದು. ಆ ಕಾಗದದ ತಾರೀಕಿನಿಂದ ೬೦ ದಿವಸಗಳೊಳಗೆ ಅಪೀಲು ಮಾಡುವದಕ್ಕೆ ಅಧಿಕಾರವುಂಟೆಂದು ಅದರಲ್ಲಿಯೇ ಬರೆದಿರುತ್ತದೆ. ಆದರೆ ದುಃಖದಲ್ಲಿ ಮುಳುಗಿದವರ ಕಣ್ಣಿಗೆ ಮೊದಲನೆಯ ಸಾಲೇ ಕಾಣುವದು, ಉಳಿದದ್ದು ಕಾಣದು. ಕೆಲವರಿಗೆ ಕಾಗದವೇ ತಲಪುವದಿಲ್ಲ. ಯಾಕಂದರೆ ಅದರ ಮೇಲೆ ಬರೆದ ವಿಳಾಸದಲ್ಲಿ ಈಗ ಮನೆಯೂ ಇಲ್ಲ, ಟಪಾಲು ಪೆಟ್ಟಿಗೆಯೂ ಇಲ್ಲ. ಆದದರಿಂದ ಟಪಾಲಿನ ಕಚೇರಿಗೆ ಹೊಸ ವಿಳಾಸವನ್ನು ತಿಳಿಸುವದು ಮೊದಲನೆಯ ವಾರದ ಕೆಲಸಗಳಲ್ಲಿ ಒಂದು.

ಸಾಕ್ಷಿಪತ್ರಗಳು ಸುಟ್ಟುಹೋದವರು ಏನು ಮಾಡಬೇಕು? ಚಿಕೋದಲ್ಲಿ ಮುಚ್ಚಿಹೋಗಿದ್ದ ಸಿಯರ್ಸ್ ಅಂಗಡಿಯ ದೊಡ್ಡ ಕಟ್ಟಡದಲ್ಲಿ ಅನೇಕ ಇಲಾಖೆಗಳವರು ಮೇಜು ಹಾಕಿಕೊಂಡು ಒಂದೇ ಸ್ಥಳದಲ್ಲಿ ಕೂತರು. ಇಂಥ ಕೇಂದ್ರಗಳ ಉದ್ದೇಶವು, ಮನೆ ಕಳಕೊಂಡವರು ಕಚೇರಿಯಿಂದ ಕಚೇರಿಗೆ ಅಲೆಯದೆ ಒಂದೇ ಸೂರಿನ ಕೆಳಗೆ ಕಳೆದುಹೋದ ಕಾಗದಗಳಿಗೆ ಪ್ರತಿಗಳನ್ನು ಬೇಡುವದೂ ಅರ್ಜಿಗಳನ್ನು ಕೊಡುವದೂ ಆಗಿದೆ.

ಪರದೇಶದಿಂದ ಹೋಗಿ ತಾತ್ಕಾಲಿಕ ಅನುಮತಿಯಿಂದ ಕೆಲಸಮಾಡುವವರ ವಿಷಯವನ್ನೂ ಇಲ್ಲಿ ಹೇಳತಕ್ಕದ್ದು; ಇದು ನಮ್ಮವರಿಗೆ ಸಂಬಂಧಪಟ್ಟದ್ದು. ೨೦೧೮ರಲ್ಲಿದ್ದ ನಿಯಮದಂತೆ ಅಂಥವರಿಗೆ ಫೆಮಾದ ಹಣವು ಸ್ವಂತ ಹೆಸರಿನಲ್ಲಿ ದೊರೆಯುತ್ತಿರಲಿಲ್ಲ. ಆದರೆ ಅವರ ಮಗುವು ಅಲ್ಲಿ ಹುಟ್ಟಿ ಆ ದೇಶದ ಪ್ರಜೆಯಾಗಿದ್ದರೆ, ಮಗುವಿನ ಪರವಾಗಿ ತಂದೆತಾಯಿಗಳು ಅರ್ಜಿ ಕೊಡಬಹುದಾಗಿತ್ತು. ರೆಡ್ ಕ್ರಾಸಿನ ಆಶ್ರಯಕ್ಕೂ ಊಟಕ್ಕೂ ಪ್ರಜೆಯೋ ಅಲ್ಲವೋ ಎಂಬ ಪ್ರಶ್ನೆಯೇ ಇಲ್ಲ. ಪರದೇಶದಲ್ಲಿದ್ದೇವೆಂಬ ಭಯದಿಂದ ಕೇಳದೆ ಇರುವದು ಬುದ್ಧಿಯಲ್ಲ.

೫. ನೆರೆಯವನ ಕೆಲಸ

ಹಾಗಾದರೆ ಆ ವೃದ್ಧೆಗೆ ಬೇಕಾದದ್ದು ಏನು? ಇನ್ನೊಂದು ಹೊದಿಕೆಯೇ? ಅಲ್ಲ. ಆಕೆಯ ಬಳಿಯಲ್ಲಿ ಕೂತು ಆ ಕಾಗದವನ್ನು ಕಡೇ ಸಾಲಿನ ವರೆಗೂ ಓದಿ, ತಾರೀಕನ್ನು ಎಣಿಸಿ, ಉತ್ತರವನ್ನು ಬರೆದು, ಮುಂದಿನ ವಾರ ಪುನಃ ಬಂದು ವಿಚಾರಿಸುವ ಒಬ್ಬ ಮನುಷ್ಯನು ಬೇಕು. ಈ ಪಾಠದ ಸಾರವೆಲ್ಲ ಇದರಲ್ಲಿಯೇ ಅಡಗಿದೆ. ಸಹಾಯವು ಇದ್ದರೂ ಅದು ಬೇಡುವವನಿಗೇ, ಪುನಃ ಪುನಃ ಬೇಡುವವನಿಗೇ ದೊರೆಯುವದು. ಬೇಡುವ ಶಕ್ತಿಯಿಲ್ಲದವನ ಪರವಾಗಿ ನಿಲ್ಲುವದೇ ನೆರೆಯವನ ದೊಡ್ಡ ಕೆಲಸ.

ಪ್ಯಾರಡೈಸಿನ ಜನರು ಇದನ್ನು ಅನುಭವದಿಂದ ಕಲಿತರು. ಸುಟ್ಟ ಪ್ರದೇಶವನ್ನು ವಲಯಗಳಾಗಿ ಭಾಗಿಸಿ, ಒಂದೊಂದು ವಲಯದಲ್ಲಿ ಅಲ್ಲಿಯವನೇ ಒಬ್ಬನು ಮುಂದಾಳಾಗಿ, ಚದರಿಹೋದ ನೆರೆಯವರನ್ನು ಹುಡುಕಿ ಸಮಾಚಾರ ತಿಳಿಸುವ ಏರ್ಪಾಡನ್ನು ಮಾಡಿಕೊಂಡರು. ಧರ್ಮಸಂಘಗಳು ಕೂಡಿ ದೀರ್ಘಕಾಲದ ಸಹಾಯಕ್ಕಾಗಿ ಒಂದು ಕೂಟವನ್ನು ರಚಿಸಿದವು. ಅದರ ಕ್ರಮ ಇದು: ಒಂದೊಂದು ಕುಟುಂಬದ ಸಂಗತಿಯನ್ನು ಒಬ್ಬ ಕಾರ್ಯಕರ್ತನು ಆರಂಭದಿಂದ ಕಡೇ ವರೆಗೆ ನೋಡಿಕೊಳ್ಳುವನು, ವಿಮೆ, ಸಹಾಯಧನ, ಸಾಲ ಇವೆಲ್ಲವುಗಳನ್ನು ಲೆಕ್ಕಹಾಕಿದ ಮೇಲೆ ಇನ್ನೂ ಉಳಿದ ಕೊರತೆಯನ್ನು ಕೂಟದ ಮುಂದೆ ಇಡುವನು, ಒಂದು ಸಂಘವು ಹಣವನ್ನೂ, ಇನ್ನೊಂದು ಮರಮುಟ್ಟುಗಳನ್ನೂ, ಮತ್ತೊಂದು ಕೈಕೆಲಸವನ್ನೂ ಕೊಡುವದು. ಯುನೈಟೆಡ್ ಪಾಲಿಸಿಹೋಲ್ಡರ್ಸ್ ಎಂಬ ಲಾಭವಿಲ್ಲದ ಸಂಸ್ಥೆಯು ವಿಮೆಯ ಕಾಗದಗಳ ಕಠಿಣವಾದ ಮಾತುಗಳನ್ನು ಜನರಿಗೆ ಬಿಡಿಸಿ ಹೇಳಿತು.

ಒಂದು ಎಚ್ಚರಿಕೆಯ ಮಾತೂ ಅವಶ್ಯ. ಬೆಂಕಿಯ ಹಿಂದೆಯೇ ವಂಚಕರೂ ಬರುವರು. ಸಹಾಯಧನದ ಅರ್ಜಿಗೆ ಸರಕಾರದ ನೌಕರನು ಹಣ ಕೇಳುವದಿಲ್ಲ, ಕೇಳುವವನು ವಂಚಕನು. ಮನೆ ಕಟ್ಟುವ ಗುತ್ತಿಗೆದಾರನ ಅನುಮತಿಪತ್ರವನ್ನು ನೋಡದೆ ಮುಂಗಡ ಕೊಡಬಾರದು. ಇನ್ನೊಬ್ಬರ ಹೆಸರಿನಲ್ಲಿ ಅರ್ಜಿ ಹಾಕಿ ಹಣ ತಕ್ಕೊಳ್ಳುವವರೂ ಇದ್ದಾರಾದದರಿಂದ ಗುರುತಿನ ಸಂಖ್ಯೆಗಳನ್ನು ದಾರಿಯಲ್ಲಿ ಸಿಕ್ಕಿದವರಿಗೆ ಹೇಳಬಾರದು.

೬. ವರುಷಗಳ ಕಾಯುವಿಕೆ

ಬೆಂಕಿಗೆ ಕಾರಣವಾದ ತಂತಿಯು ಪೆಸಿಫಿಕ್ ಗ್ಯಾಸ್ ಎಂಡ್ ಇಲೆಕ್ಟ್ರಿಕ್ ಎಂಬ ಕಂಪೆನಿಯದು. ಅದು ೨೦೧೯ರ ಜನವರಿಯಲ್ಲಿ ದಿವಾಳಿಯ ನ್ಯಾಯಾಲಯಕ್ಕೆ ಹೋಯಿತು. ೨೦೨೦ರ ಜೂನಿನಲ್ಲಿ, ಬುದ್ಧಿಪೂರ್ವಕವಲ್ಲದ ೮೪ ಮನುಷ್ಯಹತ್ಯೆಗಳ ಅಪರಾಧವನ್ನು ನ್ಯಾಯಾಲಯದಲ್ಲಿ ಒಪ್ಪಿಕೊಂಡಿತು. ಈ ಬೆಂಕಿಯಿಂದಲೂ ಬೇರೆ ಕೆಲವು ಬೆಂಕಿಗಳಿಂದಲೂ ನಷ್ಟಪಟ್ಟವರಿಗೋಸ್ಕರ ೧,೩೫೦ ಕೋಟಿ ಡಾಲರುಗಳದ್ದೆಂದು ಹೇಳಲ್ಪಟ್ಟ ಒಂದು ನಿಧಿಯು ಸ್ಥಾಪಿಸಲ್ಪಟ್ಟಿತು. ಆದರೆ ಅದರಲ್ಲಿ ಅರ್ಧವು ನಗದಾಗಿ ಅಲ್ಲ, ಆ ಕಂಪೆನಿಯ ಪಾಲುಗಳ ರೂಪದಲ್ಲಿ ಕೊಡಲ್ಪಟ್ಟಿತು. ಪಾಲುಗಳ ಬೆಲೆಯು ಏರುತ್ತಾ ಇಳಿಯುತ್ತಾ ಇರುವದಾದದರಿಂದ, ಗೊತ್ತುಮಾಡಿದ ಪರಿಹಾರವು ಒಂದೇ ಸಾರಿ ಪೂರ್ತಿಯಾಗಿ ಕೈಗೆ ಬರಲಿಲ್ಲ. ವರುಷವರುಷವೂ ಒಂದೊಂದು ಅಂಶವಾಗಿ ಬಂದಿತು. ಆ ಪರಿಹಾರದ ಮೇಲೆ ತೆರಿಗೆ ಕೊಡಬೇಕೋ ಎಂಬ ಚಿಂತೆಯೂ ಜನರನ್ನು ಬಾಧಿಸಿತು. ೨೦೨೪ರ ದಶಂಬರಿನಲ್ಲಿ, ಅಂದರೆ ಬೆಂಕಿಯಾಗಿ ಆರು ವರುಷಗಳಾದ ಮೇಲೆ, ಇಂಥ ಪರಿಹಾರಕ್ಕೆ ಕೇಂದ್ರ ಸರಕಾರದ ತೆರಿಗೆಯಿಂದ ಬಿಡುಗಡೆ ಕೊಡುವ ಕಾನೂನು ಆಯಿತು.

೨೦೨೦ರ ಜನಗಣತಿಯಲ್ಲಿ ಪ್ಯಾರಡೈಸಿನ ಜನಸಂಖ್ಯೆ ೪,೭೬೪. ಅಂದರೆ ಮೊದಲು ಇದ್ದವರಲ್ಲಿ ಐದರಲ್ಲೊಂದು ಪಾಲಿಗಿಂತಲೂ ಕಡಿಮೆ ಜನ. ಆಮೇಲೆ ಮನೆಗಳು ಒಂದೊಂದಾಗಿ ಏಳುತ್ತಾ ಬಂದಿವೆ. ತಿರಿಗಿ ಬಾರದವರೆಲ್ಲರೂ ಮನಸ್ಸಿಲ್ಲದೆ ಹೋದವರಲ್ಲ. ಕಾಯುವದಕ್ಕೆ ಬೇಕಾದ ಹಣವೂ ಆಯುಸ್ಸೂ ಅನೇಕರಿಗೆ ಸಾಲಲಿಲ್ಲ.

೭. ನಾವು ಕಲಿಯತಕ್ಕದ್ದು

ಮೊದಲನೆಯದು: ಆಪತ್ತು ಬರುವದಕ್ಕೆ ಮುಂಚೆ ಮಾಡತಕ್ಕದ್ದು. ಮನೆಯ ಹಕ್ಕುಪತ್ರ, ಗುರುತಿನ ಕಾಗದ, ವಿಮೆಯ ಪತ್ರ ಇವುಗಳ ಪ್ರತಿಗಳನ್ನು ಬೇರೆ ಊರಿನ ನೆಂಟರ ಬಳಿಯಲ್ಲಾದರೂ ಇಡಿರಿ. ಮನೆಯ ಒಂದೊಂದು ಕೋಣೆಯ ಚಿತ್ರವನ್ನು ತೆಗೆದು ಅದೇ ಪ್ರಕಾರ ಇಡಿರಿ.

ಎರಡನೆಯದು: ಕೇಳುವದು ಭಿಕ್ಷೆಯಲ್ಲ. ಮಾನವಂತರಾದ ಅನೇಕರು, ನನಗಿಂತ ಕಷ್ಟದಲ್ಲಿರುವವರು ಇದ್ದಾರೆ, ಅವರಿಗೆ ಹೋಗಲಿ ಎಂದು ಹೇಳಿ ಅರ್ಜಿಯನ್ನೇ ಕೊಡುವದಿಲ್ಲ. ಈ ಮಾತು ಕೇಳುವದಕ್ಕೆ ಚೆನ್ನಾಗಿದ್ದರೂ ಅದರಿಂದ ಮನೆಯ ಮಕ್ಕಳಿಗೇ ನಷ್ಟ. ಪ್ರಜೆಗಳ ತೆರಿಗೆಯಿಂದ ಕೂಡಿದ ಹಣವು ಇಂಥ ದಿವಸಕ್ಕೋಸ್ಕರವೇ ಇಡಲ್ಪಟ್ಟದ್ದು.

ಮೂರನೆಯದು: ಯಾವ ಕಚೇರಿಯಲ್ಲಿ, ಯಾವ ದಿವಸ, ಯಾರ ಸಂಗಡ ಏನು ಮಾತಾಡಿದೆವೆಂಬದನ್ನು ಒಂದೇ ಪುಸ್ತಕದಲ್ಲಿ ಬರೆದಿಡಿರಿ. ಇಲ್ಲವೆಂಬ ಉತ್ತರ ಬಂದರೆ ಕಾರಣವನ್ನು ಬರಹದಲ್ಲಿ ಕೇಳಿರಿ.

ನಾಲ್ಕನೆಯದು: ಸಹಾಯಮಾಡುವವರು ಹಳೇ ಬಟ್ಟೆಗಳ ಗಂಟಿಗಿಂತ ಹಣವನ್ನು ಕೊಡುವದು ಉತ್ತಮ, ಹಣಕ್ಕಿಂತಲೂ ಅಪರೂಪವಾದದ್ದು ಸಮಯ. ಓದುಬರಹ ಬಲ್ಲ ಒಬ್ಬ ಯೌವನಸ್ಥನು ವಾರಕ್ಕೆ ಒಂದು ಮಧ್ಯಾಹ್ನವನ್ನು ಒಬ್ಬ ವೃದ್ಧೆಯ ಅರ್ಜಿಗಾಗಿ ಕೊಟ್ಟರೆ, ಆಕೆಗೆ ಒಂದು ಮನೆಯನ್ನೇ ಕೊಡಿಸಿದ ಹಾಗೆ ಆಗಬಹುದು.

ಬೆಂಕಿಯ ರಾತ್ರಿಯಲ್ಲಿ ಓಡಿಬರುವವರು ಬಹುಜನ. ಅದು ನಮ್ಮ ಹಳ್ಳಿಗಳ ಒಳ್ಳೇ ಗುಣ. ಮೂವತ್ತನೆಯ ದಿವಸದಲ್ಲಿಯೂ ಬಾಗಿಲು ತಟ್ಟಿ, ಆ ಕಾಗದ ಏನಾಯಿತು ಎಂದು ಕೇಳುವವನು ನಮ್ಮ ಬೀದಿಯಲ್ಲಿ ಒಬ್ಬನಾದರೂ ಇರಲಿ.

ವಿಚಾರಕ್ಕೆ ಪ್ರಶ್ನೆಗಳು

೧. ಪ್ಯಾರಡೈಸಿನವರಿಗೆ ಹಣದ ಸಹಾಯವು ಯಾವ ಯಾವ ಬಾಗಿಲುಗಳಿಂದ ಬಂದಿತು? ಅವುಗಳಲ್ಲಿ ತೀರಿಸಬೇಕಾದದ್ದು ಯಾವದು?

೨. ಇಲ್ಲವೆಂಬ ಕಾಗದವು ಬಂದರೆ ಮಾಡತಕ್ಕದ್ದೇನು? ಅದಕ್ಕೆ ಎಷ್ಟು ದಿವಸಗಳ ಅವಧಿಯಿತ್ತು?

೩. ನಿಮ್ಮ ಊರಿನಲ್ಲಿ ಓದಲು ಬಾರದವರೂ ಒಂಟಿಯಾಗಿರುವವರೂ ಯಾರು? ನಾಳೆ ಅವರ ಮನೆ ಸುಟ್ಟುಹೋದರೆ ಅವರ ಸಂಗಡ ಕಚೇರಿಗೆ ಹೋಗತಕ್ಕವರು ಯಾರೆಂದು ಈಗಲೇ ಗೊತ್ತುಮಾಡಿರಿ.